ಸಂದರ್ಶನವಾದ ಮೇಲೆ

ಕಾಯುವುದರಲ್ಲಿ ಹಲವು ಬಗೆಯುಂಟು. ಬಸ್ಸಿಗಾಗಿ ಕಾಯುವವನಿಗೆ ರಸ್ತೆಯ ತಿರುವಾದರೂ ಕಣ್ಣೆದುರಿಗಿರುತ್ತದೆ. ಹೆರಿಗೆ ಆಸ್ಪತ್ರೆಯ ಮೊಗಸಾಲೆಯಲ್ಲಿ ಶತಪಥ ಹಾಕುವವನಿಗೆ ಒಳಗಿನ ಸದ್ದು ಕಿವಿಗೆ ಬೀಳುತ್ತಿರುತ್ತದೆ. ಪಂಪಾತೀರದ ಶಬರಿ ಕಾದು ಕಾದು ಮುದುಕಿಯಾದಳು, ನಿಜ. ಆದರೆ ಆಕೆಗೆ ಗುರುವಾದ ಮತಂಗರ ಮಾತೆಂಬ ಆಧಾರವಿತ್ತು. ಅಲ್ಲದೆ, ಆಕೆ ಕಾದದ್ದು ತನ್ನ ಆಶ್ರಮದಲ್ಲಿ. ‘ಇಷ್ಟು ವರ್ಷವಾಯಿತು, ಇನ್ನು ಜಾಗ ಖಾಲಿ ಮಾಡು’ ಎನ್ನುವವರು ಅಲ್ಲಿರಲಿಲ್ಲ. ‘ನಿನ್ನ ಭಾವಚಿತ್ರ ಹಳೆಯದಾಯಿತು, ಎರಡಂಗುಲ ಚೌಕದ್ದು ಹೊಸದು ತೆಗೆಸಿಕೊಂಡು ಬಾ’ ಎನ್ನುವವರೂ ಇರಲಿಲ್ಲ.

ಅಮೆರಿಕದಲ್ಲಿ ಗ್ರೀನ್ ಕಾರ್ಡಿನ ಸಂದರ್ಶನಕ್ಕೆ ಕಾಯುವ ಭಾರತೀಯ ಸಂಸಾರಗಳ ಕಾಯುವಿಕೆ ಇವೆಲ್ಲಕ್ಕಿಂತ ಬೇರೆಯ ಜಾತಿಯದು. ಅವರು ತಿರುವು ಕಾಣದ ರಸ್ತೆಯಲ್ಲಿ, ಬಾಡಿಗೆಯ ಮನೆಯಲ್ಲಿ, ಭಾವಚಿತ್ರಗಳನ್ನು ಹೊಸದಾಗಿ ತೆಗೆಸಿಕೊಳ್ಳುತ್ತ ಕಾಯುತ್ತಾರೆ.

ಶಿವಮೊಗ್ಗದ ನಿವೃತ್ತ ಶಾಲಾ ಮೇಷ್ಟರೊಬ್ಬರ ಮಗನೂ ಸೊಸೆಯೂ ಹೀಗೆ ಕಾದವರು. ಮಗ 2008ರಲ್ಲಿ ಕಂಪ್ಯೂಟರ್ ಕಂಪೆನಿಯೊಂದರ ಕೆಲಸಕ್ಕೆಂದು ನ್ಯೂಜೆರ್ಸಿಗೆ ಹೋದ. ಮೂರು ವರ್ಷ ದುಡಿದು, ಒಂದು ಮನೆಯ ಸಾಲ ತೀರಿಸಿ, ಹಿಂತಿರುಗುವುದೆಂದು ಆಗಿನ ಲೆಕ್ಕ. ವಿಮಾನ ಹತ್ತುವವರೆಲ್ಲರ ಲೆಕ್ಕವೂ ಅದೇ. 2011ರಲ್ಲಿ ಮಗಳು ಹುಟ್ಟಿದಳು. ಕಂಪೆನಿಯವರು ಆತನನ್ನು ಖಾಯಂ ಆಗಿ ಉಳಿಸಿಕೊಳ್ಳಲು ಬಯಸಿ ಗ್ರೀನ್ ಕಾರ್ಡಿನ ಮೊದಲ ಕಾಗದವನ್ನು 2013ರ ಫೆಬ್ರವರಿಯಲ್ಲಿ ಹಾಕಿದರು. ಆ ತಾರೀಖಿಗೆ ಅಲ್ಲಿ ಆದ್ಯತಾ ದಿನಾಂಕವೆಂದು ಹೆಸರು. ಜಾತಕದಲ್ಲಿ ಜನ್ಮನಕ್ಷತ್ರ ಹೇಗೋ, ಅಮೆರಿಕದ ಭಾರತೀಯರಿಗೆ ಈ ದಿನಾಂಕ ಹಾಗೆ. ಇಬ್ಬರು ಕನ್ನಡಿಗರು ಯುಗಾದಿಯ ಊಟದ ಪಂಕ್ತಿಯಲ್ಲಿ ಅಕ್ಕಪಕ್ಕ ಕುಳಿತರೆ, ಒಬ್ಬ ಇನ್ನೊಬ್ಬನ ಗೋತ್ರ ಕೇಳಲು ಮರೆತಾನು, ದಿನಾಂಕ ಕೇಳಲು ಮರೆಯುವುದಿಲ್ಲ.

ಈ ಕಾರ್ಡಿನ ಹೆಸರಿನದೂ ಒಂದು ಕಥೆ. 1940ರ ದಶಕದಲ್ಲಿ ಮೊದಲು ಕೊಟ್ಟಾಗ ಅದು ನಿಜವಾಗಿಯೂ ಹಸಿರಾಗಿತ್ತು. 1964ರಲ್ಲಿ ನೀಲಿಯಾಯಿತು, ಅನಂತರ ಬೇರೆ ಬೇರೆ ಬಣ್ಣಗಳನ್ನು ತಾಳಿತು, 2010ರಲ್ಲಿ ಮತ್ತೆ ಹಸಿರಿಗೆ ಬಂತು. ನಡುವಣ ನಾಲ್ಕೂವರೆ ದಶಕ ಹಸಿರಲ್ಲದ ಕಾರ್ಡನ್ನು ಜನ ಹಸಿರೆಂದೇ ಕರೆದರು. ದೂರದಲ್ಲಿರುವ ವಸ್ತು ಯಾವ ಬಣ್ಣದ್ದಾದರೇನು, ಹಸಿರಾಗಿಯೇ ಕಾಣುತ್ತದೆಂದು ತೋರುತ್ತದೆ.

ಸಾಲು ಇಷ್ಟು ಉದ್ದವಾದದ್ದೇಕೆಂದು ಮೇಷ್ಟರು ಒಮ್ಮೆ ದೂರವಾಣಿಯಲ್ಲಿ ಮಗನನ್ನು ಕೇಳಿದರು. ಮಗ ವಿವರಿಸಿದ. ಉದ್ಯೋಗದ ಕಾರಣದಿಂದ ನೆಲಸುವವರಿಗೆ ಅಮೆರಿಕ ಸರ್ಕಾರ ವರ್ಷಕ್ಕೆ ಸುಮಾರು 1,40,000 ಕಾರ್ಡುಗಳನ್ನು ಮೀಸಲಿಟ್ಟಿದೆ. ಹೆಂಡತಿ ಮಕ್ಕಳೂ ಆ ಸಂಖ್ಯೆಯೊಳಗೇ ಸೇರಿದವರು. ಯಾವ ಒಂದು ದೇಶದಲ್ಲಿ ಹುಟ್ಟಿದವರಿಗೂ ಸಾಮಾನ್ಯವಾಗಿ ನೂರಕ್ಕೆ 7ಕ್ಕಿಂತ ಹೆಚ್ಚಿನ ಪಾಲಿಲ್ಲ. ನೂರ ನಲವತ್ತು ಕೋಟಿ ಜನರ ಭಾರತಕ್ಕೂ ಒಂದು ತಾಲ್ಲೂಕಿನಷ್ಟು ಜನರಿರುವ ಐಸ್‌ಲೆಂಡಿಗೂ ಮಿತಿ ಒಂದೇ. ಮೇಷ್ಟರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಲೆಕ್ಕ ಸರಿಯಾಗಿದೆ, ಭಾಗಾಕಾರ ತಪ್ಪಿದೆ’ ಎಂದರು. ನಲವತ್ತು ವರ್ಷ ಐದನೆಯ ತರಗತಿಗೆ ಗಣಿತ ಹೇಳಿದವರ ಅಭಿಪ್ರಾಯ ಅದು.

ತಪ್ಪೆಂದು ಸುಲಭವಾಗಿ ಹೇಳಿಬಿಡುವಂತೆಯೂ ಇಲ್ಲ. ಈ ಸಮಪಾಲಿನ ನಿಯಮ ಬಂದದ್ದೇ ಒಂದು ದೊಡ್ಡ ಅನ್ಯಾಯವನ್ನು ತೊಲಗಿಸಲು. 1917ರ ಕಾನೂನು ಏಷ್ಯದ ಬಹುಭಾಗದವರಿಗೆ ಅಮೆರಿಕದ ಬಾಗಿಲನ್ನೇ ಮುಚ್ಚಿತ್ತು. 1923ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ, ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿದ್ದ ಭಗತ್ ಸಿಂಗ್ ಥಿಂಡ್ ಎಂಬವರಿಗೆ ಸಹ, ಭಾರತೀಯನೆಂಬ ಕಾರಣಕ್ಕೆ ಪೌರತ್ವ ಸಲ್ಲದೆಂದು ತೀರ್ಪು ಕೊಟ್ಟಿತು. 1946ರಲ್ಲಿ ಬಾಗಿಲು ತುಸು ಸರಿಯಿತು: ಇಡೀ ಭಾರತಕ್ಕೆ ವರ್ಷಕ್ಕೆ 100 ಮಂದಿ! 1965ರ ಕಾನೂನು ಬಂದಮೇಲೆಯೇ ಹುಟ್ಟಿದ ನೆಲವನ್ನು ನೋಡಿ ಮಣೆ ಹಾಕುವ ಹಳೆಯ ಪದ್ಧತಿ ಹೋದದ್ದು. ಎಲ್ಲರಿಗೂ ಒಂದೇ ಅಳತೆಯ ಬಾಗಿಲನ್ನಿಟ್ಟರು. ಬಾಗಿಲ ಮುಂದೆ ನಿಂತವರ ಸಂಖ್ಯೆ ಒಂದೇ ಅಳತೆಯದಾಗಿರಲಿಲ್ಲ, ಅಷ್ಟೇ.

ಕಾಯುವವರ ಕಷ್ಟ ಹೊಸದೂ ಅಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಕೊಲ್ಲಿಯಲ್ಲಿ ಏಂಜೆಲ್ ಐಲೆಂಡ್ ಎಂಬ ದ್ವೀಪವುಂಟು. 1910ರಿಂದ 1940ರವರೆಗೆ ಪೆಸಿಫಿಕ್ ದಾಟಿ ಬಂದವರನ್ನು, ಬಹುಪಾಲು ಚೀನೀಯರನ್ನು, ಅಲ್ಲಿಯ ಮರದ ಮನೆಗಳಲ್ಲಿ ವಾರಗಟ್ಟಲೆ, ಒಮ್ಮೊಮ್ಮೆ ತಿಂಗಳುಗಟ್ಟಲೆ ಕೂಡಿಹಾಕಿ ವಿಚಾರಣೆ ನಡೆಸುತ್ತಿದ್ದರು. ನಿನ್ನ ಊರಿನ ಮನೆಗೆ ಎಷ್ಟು ಮೆಟ್ಟಿಲು, ಬಾವಿ ಯಾವ ದಿಕ್ಕಿಗಿದೆ, ಪಕ್ಕದ ಮನೆಯವರಿಗೆ ಮಕ್ಕಳೆಷ್ಟು—ಇಂಥವು ಪ್ರಶ್ನೆಗಳು. ಅಪ್ಪ ಹೇಳಿದ ಮೆಟ್ಟಿಲಿಗೂ ಮಗ ಹೇಳಿದ ಮೆಟ್ಟಿಲಿಗೂ ಒಂದು ಹೆಚ್ಚುಕಡಮೆಯಾದರೆ ಮಗನನ್ನು ಬಂದ ಹಡಗಿನಲ್ಲೇ ಹಿಂದಕ್ಕೆ ಕಳುಹಿಸುವುದೂ ಇತ್ತು. ಕಾಯುವ ಬೇಸರಕ್ಕೆ ಆ ಜನ ಗೋಡೆಯ ಹಲಗೆಗಳ ಮೇಲೆ ಚೀನೀ ಅಕ್ಷರಗಳಲ್ಲಿ ಪದ್ಯಗಳನ್ನು ಕೆತ್ತಿದರು. ಅಧಿಕಾರಿಗಳು ಬಣ್ಣ ಬಳಿದು ಮುಚ್ಚಿದರು. 1970ರಲ್ಲಿ, ಕಟ್ಟಡವನ್ನು ಕೆಡವುವ ಯೋಚನೆಯಲ್ಲಿದ್ದಾಗ, ಅಲ್ಲಿಯ ಉದ್ಯಾನದ ಕಾವಲುಗಾರನೊಬ್ಬನ ಕಣ್ಣಿಗೆ ಅವು ಬಿದ್ದುವು; ಇನ್ನೂರಕ್ಕೂ ಹೆಚ್ಚು ಪದ್ಯಗಳು ಹೀಗೆ ಉಳಿದುವು. ಕಟ್ಟಡ ಈಗ ವಸ್ತುಸಂಗ್ರಹಾಲಯ.

ಇಂದಿನ ಕಾಯುವವರು ಗೋಡೆಯ ಮೇಲೆ ಏನನ್ನೂ ಕೆತ್ತುವುದಿಲ್ಲ. ಬಾಡಿಗೆಯ ಮನೆಯ ಗೋಡೆಗೆ ಒಂದು ಮೊಳೆ ಹೊಡೆಯಲೂ ಅವರು ಹಿಂಜರಿಯುತ್ತಾರೆ.

ಮೇಷ್ಟರ ಮಗನ ಮನೆಯಲ್ಲಿ ಈ ಹಿಂಜರಿಕೆ ಒಂದು ಶಾಸ್ತ್ರವಾಗಿಯೇ ಬೆಳೆದಿತ್ತು. ಅಲ್ಲಿ ಪ್ರತಿಯೊಂದು ಕೆಲಸಕ್ಕೂ ಒಂದೇ ಮುಹೂರ್ತ: ‘ಸಂದರ್ಶನವಾದ ಮೇಲೆ.’ ಒಳ್ಳೆಯ ಊಟದ ಮೇಜು? ಸಂದರ್ಶನವಾದ ಮೇಲೆ. ಮಗಳಿಗೆ ವೀಣೆ ತರಿಸುವುದು? ಅಷ್ಟು ದೊಡ್ಡ ವಾದ್ಯ, ನಾಳೆ ಹೊರಡಬೇಕಾಗಿ ಬಂದರೆ ಹೊತ್ತೊಯ್ಯುವುದು ಹೇಗೆ? ಸಂದರ್ಶನವಾದ ಮೇಲೆ ನೋಡೋಣ. ಮನೆ ಕೊಳ್ಳುವ ಮಾತನ್ನಂತೂ ಎತ್ತುವಂತೆಯೇ ಇರಲಿಲ್ಲ. ಆರು ವರ್ಷಕ್ಕೆ ಮುಗಿಯಬೇಕಾದ ಆತನ ಕೆಲಸದ ವೀಸಾ, ಮೊದಲ ಕಾಗದಗಳು ಮಂಜೂರಾಗಿದ್ದುದರಿಂದ ಮೂರು ಮೂರು ವರ್ಷಕ್ಕೆ ವಿಸ್ತರಣೆಯಾಗುತ್ತ ಹೋಗುತ್ತಿತ್ತು. ಕೆಲಸ ಹೋದರೆ ವೀಸಾ ಹೋಯಿತು, ವೀಸಾ ಹೋದರೆ ಊರು ಬಿಟ್ಟಂತೆ. ಬಟ್ಟೆ ಇಡುವ ಕೋಣೆಯ ಅರ್ಧಭಾಗವನ್ನು ಖಾಲಿ ರಟ್ಟಿನ ಪೆಟ್ಟಿಗೆಗಳು ಆಕ್ರಮಿಸಿದ್ದುವು. ಟೆಲಿವಿಷನ್ನಿನ ಪೆಟ್ಟಿಗೆ, ಮಿಕ್ಸರಿನ ಪೆಟ್ಟಿಗೆ, ತೊಟ್ಟಿಲ ಪೆಟ್ಟಿಗೆ. ಮಗು ತೊಟ್ಟಿಲು ಬಿಟ್ಟು ಎಂಟು ವರ್ಷವಾಗಿ, ತೊಟ್ಟಿಲನ್ನು ಯಾರಿಗೋ ದಾನ ಕೊಟ್ಟಾಗಿದ್ದರೂ ಅದರ ಪೆಟ್ಟಿಗೆ ಉಳಿದಿತ್ತು.

ಸೊಸೆ ಶಿವಮೊಗ್ಗದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರದ ಉಪನ್ಯಾಸಕಿಯಾಗಿದ್ದವಳು. ಗಂಡನ ವೀಸಾದ ಬಾಲವಾಗಿ ಬಂದವಳಿಗೆ ದುಡಿಯುವ ಹಕ್ಕಿರಲಿಲ್ಲ. ಏಳು ವರ್ಷ ಆಕೆ ಸಾರಿನ ಪುಡಿಯ ಪ್ರಮಾಣಗಳಲ್ಲಿ ತನ್ನ ರಸಾಯನಶಾಸ್ತ್ರವನ್ನು ಉಳಿಸಿಕೊಂಡಳು. 2015ರಲ್ಲಿ ನಿಯಮ ಬದಲಾಗಿ, ಸಾಲಿನಲ್ಲಿ ನಿಂತವರ ಪತಿ ಅಥವಾ ಪತ್ನಿಗೆ ಕೆಲಸದ ಪರವಾನೆ ಸಿಗುವಂತಾದಾಗ ಆಕೆ ಒಂದು ಔಷಧ ಪ್ರಯೋಗಾಲಯ ಸೇರಿದಳು. ಮನೆಯಲ್ಲಿ ಯಾವ ಕಾಗದದ ಗೊಡವೆಯೂ ಇಲ್ಲದವಳೆಂದರೆ ಮಗಳೊಬ್ಬಳೇ. ಅಲ್ಲಿಯೇ ಹುಟ್ಟಿದ ಕಾರಣ ಆಕೆ ಹುಟ್ಟು ಪ್ರಜೆ. ಒಮ್ಮೆ ಏಳು ವರ್ಷದ ಆ ಹುಡುಗಿ, ‘ಅಪ್ಪಾ, ನಿಮಗೆ ನಾನೇ ಕಾರ್ಡು ಕೊಡಿಸಬಹುದಲ್ವಾ?’ ಎಂದಳು. ಕೊಡಿಸಬಹುದು, ಆಕೆಗೆ ಇಪ್ಪತ್ತೊಂದು ತುಂಬಿದ ಮೇಲೆ.

ಇಪ್ಪತ್ತೊಂದು ಎಂಬ ಸಂಖ್ಯೆ ಇನ್ನೊಂದು ಬಗೆಯ ಮನೆಗಳಲ್ಲಿ ಎದೆಯೊಡೆಸುವ ಸಂಖ್ಯೆ. ಭಾರತದಲ್ಲಿ ಹುಟ್ಟಿ, ಎರಡು ಮೂರು ವರ್ಷದವರಾಗಿದ್ದಾಗ ತಾಯಿಯ ಸೊಂಟದ ಮೇಲೆ ಕುಳಿತು ಬಂದ ಮಕ್ಕಳು, ತಂದೆಯ ಸರದಿ ಬರುವ ಮೊದಲೇ ಇಪ್ಪತ್ತೊಂದು ದಾಟಿದರೆ ಸಾಲಿನಿಂದ ಹೊರಗೆ. 2002ರ ಕಾನೂನೊಂದು ವಯಸ್ಸಿನ ಲೆಕ್ಕದಲ್ಲಿ ಕೆಲವು ತಿಂಗಳ ರಿಯಾಯಿತಿ ಕೊಡುತ್ತದೆ. ಹತ್ತು ಹದಿನೈದು ವರ್ಷದ ಸಾಲಿಗೆ ಅದು ಯಾವ ಮೂಲೆಗೆ? ಮಕ್ಕಳ ಹುಟ್ಟುಹಬ್ಬಕ್ಕೆ ಹೆದರುವ ತಾಯಂದಿರನ್ನು ಕಾಣಬೇಕಾದರೆ ಅಂಥ ಮನೆಗಳಿಗೆ ಹೋಗಬೇಕು.

ಪ್ರತಿ ತಿಂಗಳೂ ಅಮೆರಿಕದ ವಿದೇಶಾಂಗ ಖಾತೆ ಒಂದು ಪ್ರಕಟಣೆ ಹೊರಡಿಸುತ್ತದೆ. ಯಾವ ದೇಶದವರಿಗೆ ಯಾವ ತಾರೀಖಿನವರೆಗಿನ ಸರದಿ ಬಂದಿದೆಯೆಂದು ಅದರಲ್ಲಿರುತ್ತದೆ. ಪಂಚಾಂಗದ ವರ್ಷಫಲವನ್ನು ಯಾರೂ ಇಷ್ಟು ಶ್ರದ್ಧೆಯಿಂದ ಓದಿರಲಾರರು. ತಾರೀಖು ಮುಂದಕ್ಕೆ ಸಾಗುವುದುಂಟು, ನಿಂತಲ್ಲೇ ನಿಲ್ಲುವುದುಂಟು, ಹಿಂದಕ್ಕೆ ಸರಿಯುವುದೂ ಉಂಟು. ಹಿಂದೆ ಸರಿಯುವ ಸಾಲನ್ನು ಬೇರೆಲ್ಲಿಯೂ ಕಾಣಲಾಗದು. ಪಡಿತರದ ಅಂಗಡಿಯಲ್ಲಿ ಸಹ ಮುಂದಿದ್ದವನನ್ನು ‘ನೀನು ನಿನ್ನೆಯ ಜಾಗಕ್ಕೆ ಹೋಗಿ ನಿಲ್ಲು’ ಎನ್ನುವುದಿಲ್ಲ.

ಹಳಬರು ಹೊಸಬರಿಗೆ ಹೇಳುವ ಕಥೆಯೊಂದುಂಟು. 2007ರ ಜೂನ್ ತಿಂಗಳಲ್ಲಿ, ಮುಂದಿನ ತಿಂಗಳು ಉದ್ಯೋಗವರ್ಗದ ಹೆಚ್ಚುಕಡಮೆ ಎಲ್ಲರೂ ಅರ್ಜಿ ಹಾಕಬಹುದೆಂದು ಪ್ರಕಟಣೆ ಬಂತು. ಜನ ರಜ ಹಾಕಿ, ವೈದ್ಯರ ಮನೆಯ ಮುಂದೆ ಸಾಲುಗಟ್ಟಿ, ಊರಿಂದ ಕಾಗದ ತರಿಸಿ, ಕೆಲವರು ಹೆಂಡಿರನ್ನು ತೌರಿನಿಂದ ಅವಸರವಾಗಿ ಕರೆಸಿಕೊಂಡು ಸಿದ್ಧರಾದರು. ಜುಲೈ 2ರಂದು ‘ಸಂಖ್ಯೆಗಳು ಮುಗಿದುವು, ಅರ್ಜಿ ತೆಗೆದುಕೊಳ್ಳುವುದಿಲ್ಲ’ ಎಂದು ಇನ್ನೊಂದು ಪ್ರಕಟಣೆ! ಕೂಗಾಡಿದರೆ ವೀಸಾಕ್ಕೆ ಸಂಚಕಾರ ಬಂದೀತೆಂಬ ಭಯವುಳ್ಳ ಜನ ಅವರು. ಹಿಂದಿನ ವರ್ಷವಷ್ಟೇ ‘ಲಗೇ ರಹೋ ಮುನ್ನಾ ಭಾಯಿ’ ಚಲಚ್ಚಿತ್ರ ಬಂದಿತ್ತು. ಅದರಲ್ಲಿಯ ಗಾಂಧಿಗಿರಿಯನ್ನು ನೆನೆದು, ನೂರಾರು ಮಂದಿ ವಲಸೆ ಇಲಾಖೆಯ ಮುಖ್ಯಾಧಿಕಾರಿಗೆ ಹೂಗುಚ್ಛಗಳನ್ನು ಕಳುಹಿಸಿದರು. ಅಧಿಕಾರಿ ಆ ಹೂಗಳನ್ನು ವಾಲ್ಟರ್ ರೀಡ್ ಸೈನಿಕ ಆಸ್ಪತ್ರೆಯ ಗಾಯಾಳುಗಳಿಗೆ ತಲಪಿಸುವಂತೆ ಮಾಡಿದರು. ಜುಲೈ 17ರಂದು ಸರ್ಕಾರ ತನ್ನ ಮಾತನ್ನು ಹಿಂತೆಗೆದುಕೊಂಡು, ಆಗಸ್ಟ್ 17ರವರೆಗೆ ಅರ್ಜಿ ಸ್ವೀಕರಿಸಿತು. ಹೂವು ಇಷ್ಟು ಬೇಗ ಫಲ ಕೊಟ್ಟದ್ದು ಸಸ್ಯಶಾಸ್ತ್ರದಲ್ಲಿಯೂ ಅಪರೂಪವೇ.

ಮೇಷ್ಟರ ಮಗನ ಸರದಿ ಬಂದದ್ದು 2022ರ ಮಾರ್ಚಿಯಲ್ಲಿ. ಕೊರೋನಾ ಮಹಾಮಾರಿಯ ಕಾಲದಲ್ಲಿ ಕಚೇರಿಗಳು ಮುಚ್ಚಿ, ಕುಟುಂಬವರ್ಗದ ಕಾರ್ಡುಗಳು ಬಹಳಷ್ಟು ಖರ್ಚಾಗದೆ ಉಳಿದು, ಕಾನೂನಿನಂತೆ ಉದ್ಯೋಗವರ್ಗಕ್ಕೆ ಸೇರಿದುವು. ತಾರೀಖು ದಡದಡನೆ ಮುಂದೋಡಿತು. ಅರ್ಜಿ ಹಾಕಲು ಕಡತ ಕಟ್ಟುವಾಗ ಒಂದು ತೊಡಕು ಕಾಣಿಸಿತು. ಜನನಪತ್ರದಲ್ಲಿ ಮಗನ ಹೆಸರಿರಲಿಲ್ಲ. 1979ರಲ್ಲಿ ಪುರಸಭೆಯ ಗುಮಾಸ್ತ ‘ಗಂಡು ಮಗು’ ಎಂದಷ್ಟೇ ಬರೆದಿದ್ದ. ನಾಮಕರಣವಾದ ಮೇಲೆ ಹೋಗಿ ಹೆಸರು ಸೇರಿಸಬೇಕಾದವರು ಮೇಷ್ಟರು. ಅವರು ತಮ್ಮ ಸೇವಾವಧಿಯಲ್ಲಿ, ಹುಟ್ಟಿದ ದಿನ ಗೊತ್ತಿಲ್ಲದೆ ಬಂದ ಮಕ್ಕಳಿಗೆಲ್ಲ ಜೂನ್ 1 ಎಂದು ಬರೆದು ನೂರಾರು ಜನರ ಜನನವನ್ನು ಊರ್ಜಿತಗೊಳಿಸಿದವರು. ಸ್ವಂತ ಮಗನ ಹೆಸರನ್ನು ಬರೆಯಿಸಲು ನಲವತ್ತಮೂರು ವರ್ಷ ಪುರಸೊತ್ತಾಗಿರಲಿಲ್ಲ!

ಹೆಸರಿನದು ಇನ್ನೊಂದು ಗೋಳು. ಊರು, ತಂದೆ, ತಾನು ಎಂದು ಮೂರು ಭಾಗವಾಗಿರುವ ಮಲೆನಾಡಿನ ಹೆಸರನ್ನು ಪಾಸ್‌ಪೋರ್ಟಿನ ಎರಡು ಅಂಕಣಗಳಲ್ಲಿ ತುಂಬುವಾಗ ಯಾರೋ ಊರನ್ನು ಮುಂದಕ್ಕೆ ಹಾಕಿದ್ದರು. ಆದಕಾರಣ ಅಮೆರಿಕದಲ್ಲಿ ಆತ ‘ಮಿಸ್ಟರ್ ತೀರ್ಥಹಳ್ಳಿ’. ಸಹೋದ್ಯೋಗಿಗಳ ಬಾಯಲ್ಲಿ ಬರೇ ‘ಹ್ಯಾಲಿ’.

ಮಗ ಊರಿಗೆ ದೂರವಾಣಿ ಮಾಡಿದ. ಮೇಷ್ಟರಿಗೆ ಆಗ ಎಪ್ಪತ್ತಾರು. ಅವರು ಬೇಸಗೆಯ ಬಿಸಿಲಲ್ಲಿ ಮೂರು ದಿನ ನೋಟರಿಯ ಬಳಿ ಅಲೆದು, ಛಾಪಾ ಕಾಗದದ ಮೇಲೆ ಇಂಗ್ಲಿಷಿನಲ್ಲಿ ಪ್ರಮಾಣಪತ್ರ ಮಾಡಿಸಿದರು: ಇಂಥ ದಿನ ಇಂಥ ಊರಿನಲ್ಲಿ ಹುಟ್ಟಿದ ಗಂಡು ಮಗು ಇವನೇ, ನನ್ನ ಮಗ, ಎಂದು. ಕೆಳಗೆ ಕನ್ನಡದಲ್ಲಿ ರುಜು ಹಾಕಿದರು. ಕರಿಹಲಗೆಯ ಮೇಲೆ ಬರೆದು ಬರೆದು ದುಂಡಗಾಗಿದ್ದ ಅಕ್ಷರ. ಕಾಗದ ತಲಪಿದ ದಿನ, ‘ಈಗ ನೀನು ಅಧಿಕೃತವಾಗಿ ಹುಟ್ಟಿದ ಹಾಗಾಯ್ತು’ ಎಂದು ನಕ್ಕರಂತೆ.

ಅರ್ಜಿ ಹೋಯಿತು. ಬೆರಳಚ್ಚಾಯಿತು, ವೈದ್ಯಪರೀಕ್ಷೆಯಾಯಿತು. ಇನ್ನುಳಿದದ್ದು ಸಂದರ್ಶನ. ಕೆಲವರಿಗೆ ಸಂದರ್ಶನವೇ ಇಲ್ಲದೆ ಕಾರ್ಡು ಅಂಚೆಯಲ್ಲಿ ಬಂದುಬಿಡುತ್ತದೆ, ಕೆಲವರನ್ನು ಕರೆಯುತ್ತಾರೆ. ಮೇಷ್ಟರ ಮಗ ರಾತ್ರಿ ಹನ್ನೊಂದಕ್ಕೊಮ್ಮೆ, ಮಧ್ಯರಾತ್ರಿಗೊಮ್ಮೆ, ಬೆಳಗಿನ ಜಾವ ಎಚ್ಚರವಾದರೆ ಇನ್ನೊಮ್ಮೆ ಅರ್ಜಿಯ ಸ್ಥಿತಿಗತಿಯನ್ನು ದೂರವಾಣಿಯ ಪರದೆಯಲ್ಲಿ ನೋಡುತ್ತಿದ್ದ. ಅಲ್ಲಿಯ ವಾಕ್ಯ ಬದಲಾಗುತ್ತಿರಲಿಲ್ಲ. ನೋಡುವ ಕಣ್ಣು ಮಾತ್ರ ಕೆಂಪಗಾಗುತ್ತಿತ್ತು.

ಆ ಆಗಸ್ಟಿನಲ್ಲಿ ಒಂದು ಶುಕ್ರವಾರ ಬೆಳಗ್ಗೆ ಊರಿಂದ ತಾಯಿಯ ಕರೆ ಬಂತು. ಮೇಷ್ಟರು ಬಚ್ಚಲಲ್ಲಿ ಬಿದ್ದರು; ಬಲಗಡೆ ಸ್ವಾಧೀನವಿಲ್ಲ; ಮಾತು ನಿಂತಿದೆ.

ಹೊರಡಲು ಅಡ್ಡಿಯೇನೆಂದು ಓದುಗರು ಕೇಳಬಹುದು. ಅಡ್ಡಿ ಹೋಗುವುದಕ್ಕಲ್ಲ, ತಿರುಗಿ ಬರುವುದಕ್ಕೆ. ಪಾಸ್‌ಪೋರ್ಟಿನಲ್ಲಿದ್ದ ಆತನ ವೀಸಾದ ಮುದ್ರೆಯ ಅವಧಿ ತೀರಿತ್ತು. ಭಾರತದಲ್ಲಿ ಹೊಸ ಮುದ್ರೆಗೆ ದಿನ ಸಿಗಬೇಕಾದರೆ ಆ ವರ್ಷ ತಿಂಗಳುಗಟ್ಟಲೆ ಕಾಯಬೇಕಿತ್ತು. ಗ್ರೀನ್ ಕಾರ್ಡಿನ ಅರ್ಜಿದಾರರಿಗೆಂದು ಕೊಡುವ ಪ್ರಯಾಣದ ಅನುಮತಿಪತ್ರಕ್ಕೆ ಮಾರ್ಚಿಯಲ್ಲೇ ಅರ್ಜಿ ಹಾಕಿದ್ದ, ಅದು ಬಂದಿರಲಿಲ್ಲ. ಅಂಥ ಪತ್ರವಾಗಲಿ ಮುದ್ರೆಯಾಗಲಿ ಇಲ್ಲದೆ ಹೋದರೆ ಹದಿನಾಲ್ಕು ವರ್ಷದ ಬದುಕು ಆಚೆ ದಡದಲ್ಲಿ ಸಿಕ್ಕಿಕೊಳ್ಳುವ ಸಂಭವ. ಇಲ್ಲವೆಂದಲ್ಲ, ತುರ್ತಿನ ದಾರಿಯೂ ಉಂಟು: ಆಸ್ಪತ್ರೆಯ ಪತ್ರ ತರಿಸಿ, ಸ್ಥಳೀಯ ವಲಸೆ ಕಚೇರಿಗೆ ಸ್ವತಃ ಹೋಗಿ ಕೇಳಿಕೊಂಡರೆ ಅನುಮತಿ ಕೊಡಲೂಬಹುದು, ಬಿಡಲೂಬಹುದು.

ಆತ ಆ ದಿನವೇ ಕೇಳಲಿಲ್ಲ. ವಕೀಲರನ್ನು ಕೇಳಿದ, ಸ್ನೇಹಿತರನ್ನು ಕೇಳಿದ, ಶನಿವಾರ ಭಾನುವಾರ ಕಚೇರಿಯಿಲ್ಲವೆಂದ. ತುರ್ತೆಂದು ಗದ್ದಲ ಮಾಡಿದರೆ ಕಡತದ ಮೇಲೆ ಏನಾದರೂ ಗುರುತು ಬೀಳಬಹುದೆಂದು ಯಾರೋ ಹೇಳಿದ್ದು ತಲೆಯಲ್ಲಿ ಕುಳಿತುಬಿಟ್ಟಿತ್ತು. ತಾಯಿಯೂ, ‘ಬೇಡಪ್ಪಾ, ಇಷ್ಟು ವರ್ಷ ಕಾದಿದೀಯ. ಡಾಕ್ಟರು ಗುಣವಾಗತ್ತೆ ಅಂತಾರೆ. ನಿನ್ನ ಇಂಟರ್‌ವ್ಯೂ ಆಗಲಿ, ಆಮೇಲೆ ಬಂದು ಒಂದು ತಿಂಗಳು ಇದ್ದು ಹೋಗು’ ಎಂದರು. ಆ ಮಾತು ಆತನಿಗೆ ಬೇಕಾಗಿತ್ತು; ಹಿಡಿದುಕೊಂಡ. ಸೊಸೆ ಒಂದೇ ಸಲ, ‘ಹೊರಡೋಣ, ಬಂದದ್ದು ಬರಲಿ’ ಎಂದಳು. ಆತ ಉತ್ತರ ಕೊಡಲಿಲ್ಲ. ಮಂಗಳವಾರ ಬೆಳಗ್ಗೆ ಕಚೇರಿಗೆ ದೂರವಾಣಿ ಮಾಡಿದ. ಗುರುವಾರಕ್ಕೆ ಸಮಯ ಕೊಟ್ಟರು. ಮಂಗಳವಾರ ರಾತ್ರಿಯೇ, ಶಿವಮೊಗ್ಗದಲ್ಲಿ ಬುಧವಾರ ಬೆಳಗಾಗುವ ಹೊತ್ತಿಗೆ, ಮೇಷ್ಟರು ಹೋದರು.

ಚಿಕ್ಕಪ್ಪನ ಮಗ ಕೊಳ್ಳಿಯಿಟ್ಟ. ಯಾರೋ ಹುಡುಗ ದೂರವಾಣಿಯನ್ನು ಎತ್ತಿ ಹಿಡಿದಿದ್ದ, ಚಿತ್ರ ಅಲುಗಾಡುತ್ತಿತ್ತು. ತುಂಗೆಯ ದಡ, ಮಳೆಗಾಲದ ಕೆಂಪು ನೀರು, ಕೊಡೆಗಳು. ‘ಹಿರೀ ಮಗ ಅಲ್ಲಿಂದಲೇ ನಮಸ್ಕಾರ ಮಾಡಲಿ’ ಎಂದರು ಪುರೋಹಿತರು. ನ್ಯೂಜೆರ್ಸಿಯ ಅಡಿಗೆಮನೆಯಲ್ಲಿ, ಮಡಿಸುವ ಕುರ್ಚಿಗಳ ನಡುವೆ, ಆತ ಪರದೆಗೆ ಅಡ್ಡಬಿದ್ದ.

ಆ ಐದು ದಿನಗಳ ವಿಚಾರ ಆ ಮನೆಯಲ್ಲಿ ಯಾರೂ ಎತ್ತಲಿಲ್ಲ. ಕಾನೂನನ್ನು ಬೈದು ಹಗುರಾಗುವ ಅವಕಾಶವೇನೋ ಇತ್ತು. ಆದರೆ ಶುಕ್ರವಾರವೇ ಕೇಳಿದ್ದರೆ ಸಮಯ ಸಿಗುತ್ತಿತ್ತೇನೋ ಎಂಬುದನ್ನು ಯಾವ ಕಾನೂನಿನ ತಲೆಗೂ ಕಟ್ಟುವಂತಿರಲಿಲ್ಲ. ಅದು ಆತನಿಗೆ ಗೊತ್ತಿತ್ತು, ಆಕೆಗೂ ಗೊತ್ತಿತ್ತು.

ವೈಕುಂಠ ಸಮಾರಾಧನೆಯ ಮಾರನೆಯ ದಿನ ಸೊಸೆ ಬಟ್ಟೆಯ ಕೋಣೆಯ ಬಾಗಿಲು ತೆರೆದು, ರಟ್ಟಿನ ಪೆಟ್ಟಿಗೆಗಳನ್ನು ಒಂದೊಂದಾಗಿ ಹೊರಗೆಳೆದು, ಚಾಕುವಿನಿಂದ ಅಂಟು ಸೀಳಿ, ಚಪ್ಪಟೆ ಮಾಡಿ ಕಸದ ಗಾಡಿಗೆಂದು ರಸ್ತೆಯಂಚಿಗೆ ಒಟ್ಟಿದಳು. ಗಂಡ ಬಾಗಿಲಲ್ಲಿ ನಿಂತು ನೋಡಿದ. ತೊಟ್ಟಿಲ ಪೆಟ್ಟಿಗೆ ಬಂದಾಗ ತಾನೇ ಅದರ ಒಂದು ತುದಿ ಹಿಡಿದ. ಆ ವಾರಾಂತ್ಯ ಊಟದ ಮೇಜು ಬಂತು. ದಸರೆಗೆ ಮಗಳ ವೀಣೆ ಬಂತು; ಬೆಂಗಳೂರಿನಿಂದ ಹಡಗಿನಲ್ಲಲ್ಲ, ಪಕ್ಕದ ಊರಿನಲ್ಲೇ ಯಾರೋ ಮಾರುತ್ತಿದ್ದ ಹಳೆಯ ವೀಣೆ. ಆಕೆ ಕುಂಡದಲ್ಲಿ ದುಂಡುಮಲ್ಲಿಗೆ ಬೆಳೆಸತೊಡಗಿದಳು. ನ್ಯೂಜೆರ್ಸಿಯ ಚಳಿಗೆ ಮಲ್ಲಿಗೆ ತಡೆಯದು. ಅಕ್ಟೋಬರಿನಲ್ಲಿ ಒಳಗೆ, ಮೇ ತಿಂಗಳಲ್ಲಿ ಹೊರಗೆ, ಎಳೆಗೂಸಿನ ಆರೈಕೆ.

ಅದೇ ಅಕ್ಟೋಬರಿನಲ್ಲಿ ತಾರೀಖು ಹಿಂದಕ್ಕೆ ಸರಿಯಿತು. ಬೇಸಗೆಯಲ್ಲಿ 2014ರವರೆಗೆ ಓಡಿದ್ದದ್ದು 2012ರ ಏಪ್ರಿಲಿಗೆ ಜಾರಿ, ಮರುವರ್ಷದ ವಸಂತದ ಹೊತ್ತಿಗೆ 2011ರ ಜನವರಿಗೆ ಬಂದು ಕುಳಿತಿತು. ಹಿಂದಿನ ದಿನಗಳಾಗಿದ್ದರೆ ಆತ ಎರಡು ದಿನ ಊಟ ಬಿಡುತ್ತಿದ್ದ. ಈಗ ಸುದ್ದಿ ಹೇಳಿದಾಗ ಆಕೆ ಸೌಟಿನಲ್ಲಿ ಹುಳಿ ಹಿಡಿದು, ‘ಉಪ್ಪು ಸಾಕಾ ನೋಡಿ’ ಎಂದಳು. ಆತ ನೋಡಿದ. ಸಾಕಾಗಿತ್ತು.

ಪ್ರಯಾಣದ ಅನುಮತಿಪತ್ರ ನವೆಂಬರಿನಲ್ಲಿ, ಯಾರೂ ಕಾಯದ ಒಂದು ಮಧ್ಯಾಹ್ನ, ಅಂಗಡಿಗಳ ಜಾಹೀರಾತುಗಳ ನಡುವೆ ಸಿಕ್ಕಿಕೊಂಡು ಬಂತು. ಅದನ್ನು ಹಿಡಿದುಕೊಂಡು ಆತ ಮರುವರ್ಷ ವರ್ಷಾಬ್ದಿಕಕ್ಕೆ ಊರಿಗೆ ಹೋಗಿ ಬಂದ; ಅಲ್ಲಿಂದ ಮುಂದೆ ಪ್ರತಿ ವರ್ಷವೂ ಹೋದ. ತಾಯಿಗೆ ತಾನೇ ಹಾಸಿಗೆ ಬಿಡಿಸಿ, ಪಕ್ಕದ ಚಾಪೆಯಲ್ಲಿ ಮಲಗುತ್ತಿದ್ದ. ‘ಅಲ್ಲಿ ಕಾಗದ ಏನಾಯ್ತೋ?’ ಎಂದು ತಾಯಿ ಕೇಳಿದರೆ, ‘ಅದರ ಪಾಡಿಗೆ ಅದು ಇದೆ ಅಮ್ಮ’ ಎನ್ನುತ್ತಿದ್ದ. ಅವಧಿ ತೀರಿದ ವೈದ್ಯಪರೀಕ್ಷೆಯನ್ನು ಎರಡನೆಯ ಸಲ ಮಾಡಿಸಿಕೊಂಡರು. ಮನೆಯನ್ನೂ ಕೊಂಡರು, ಸಂದರ್ಶನಕ್ಕೆ ಮೊದಲೇ. ಹೊಸ ಮನೆಯ ಗೋಡೆಗೆ ಆತ ಹೊಡೆದ ಮೊದಲ ಮೊಳೆಗೆ ಮೇಷ್ಟರ ಭಾವಚಿತ್ರ ತೂಗಿತು.

2025ರ ಅಕ್ಟೋಬರಿನಲ್ಲಿ ತಾರೀಖು ಮತ್ತೆ 2013ರ ಫೆಬ್ರವರಿಯನ್ನು ದಾಟಿತು. ವರ್ಷದ ಕೊನೆಗೆ ಸಂದರ್ಶನದ ಕರೆಯೂ ಬಂತು. ಗಂಡಹೆಂಡಿರು ಕೋಟು ತೊಟ್ಟು, ಕಡತ ಹಿಡಿದು, ಹಿಮ ಸರಿಸಿದ ಹಾದಿಯಲ್ಲಿ ನಡೆದು ಕಚೇರಿಯ ಮೊಗಸಾಲೆಯಲ್ಲಿ ಕುಳಿತರು. ಅರ್ಧ ಗಂಟೆಯ ಮೇಲೆ ಬಾಗಿಲು ತೆರೆದು ಒಬ್ಬ ಹೆಂಗಸು, ‘ಮಿಸ್ಟರ್... ತೀರ್ತಾ... ಹ್ಯಾಲಿ?’ ಎಂದಳು.

ಬಲಗೈಯೆತ್ತಿ ಸತ್ಯಪ್ರಮಾಣವಾಯಿತು. ಆಕೆ 2022ರ ಅರ್ಜಿಯನ್ನು ಮುಂದಿಟ್ಟುಕೊಂಡು, ಕೆಂಪು ಲೇಖನಿ ಹಿಡಿದು, ಒಂದೊಂದೇ ಉತ್ತರವನ್ನು ಕೇಳಿ ಸರಿಯೆಂದು ಗುರುತು ಹಾಕುತ್ತ ಹೋದಳು. ವಿಳಾಸ ಬದಲಾಗಿತ್ತು, ತಿದ್ದಿದಳು. ತಂದೆತಾಯಿಗಳ ಪುಟ ಬಂತು. ತಂದೆಯ ಹೆಸರು, ಹುಟ್ಟಿದ ಊರು. ಅದರ ಕೆಳಗೆ, ಜೀವಿಸಿದ್ದರೆ ಈಗ ವಾಸವಾಗಿರುವ ಊರು: ಶಿವಮೊಗ್ಗ.

‘ಇದರಲ್ಲಿ ಏನಾದರೂ ಬದಲಾವಣೆ?’

‘ಅವರು ತೀರಿಕೊಂಡರು. ಅರ್ಜಿ ಹಾಕಿದ ಐದನೆಯ ತಿಂಗಳಿಗೆ.’

ಆಕೆ ತಲೆಯೆತ್ತಿ, ‘ಕ್ಷಮಿಸಿ, ವ್ಯಸನವಾಯಿತು’ ಎಂದು, ಊರಿನ ಹೆಸರಿನ ಮೇಲೆ ನಿಧಾನವಾಗಿ ಒಂದು ಕೆಂಪು ಗೆರೆಯೆಳೆದಳು. ಆಮೇಲೆ ಜನನಪತ್ರಕ್ಕಾಗಿ ಕಡತ ಮಗುಚಿದಾಗ ಛಾಪಾ ಕಾಗದ ಕೈಗೆ ಬಂತು. ಕೆಳಗಿನ ರುಜುವಿನ ಮೇಲೆ ಬೆರಳಿಟ್ಟು, ‘ಇದು ಯಾವ ಲಿಪಿ?’ ಎಂದು ಕೇಳಿದಳು.

‘ಕನ್ನಡ. ಅವರು ಶಾಲೆಯ ಮೇಷ್ಟರಾಗಿದ್ದರು.’

‘ಬಹಳ ಚೆನ್ನಾಗಿದೆ ಅಕ್ಷರ’ ಎಂದು ಆಕೆ ಇನ್ನೊಮ್ಮೆ ನೋಡಿ, ಹಾಳೆ ತಿರುವಿ, ಮುಂದಿನ ಪ್ರಶ್ನೆಗೆ ಹೋದಳು.